ಒಂದು ಅಕ್ಷರದ ಹಿಂದೆ

ಈಚೆಗೆ ಒಂದು ಭಾನುವಾರ ಮಿರ್ಲೆಯ ನಮ್ಮಕ್ಕನ ಮನೆಯಲ್ಲಿ ನನ್ನ ಮಾನ ಹೋಯಿತು. ಕಳೆದವಳು ಅಕ್ಕನ ಮಗಳು ಸುಶೀಲ.

ಬೆಂಗಳೂರಿನಲ್ಲಿ ಓದುವ ಹುಡುಗಿ. ರಜೆಗೆ ಬರುವಾಗ ಒಂದು ಹೊರೆ ಕಾಗದ ತಂದಿದ್ದಳು. ಅವಳ ಕಾಲೇಜಿನಲ್ಲಿ ಕಂಪ್ಯೂಟರ್ ಇದೆಯಂತೆ. ಅದರೊಳಗಿನ ಪ್ರೋಗ್ರಾಮುಗಳನ್ನೆಲ್ಲ ಆಳುವ ಮೂಲ ಪ್ರೋಗ್ರಾಮಿಗೆ ಕರ್ನಲ್ ಅನ್ನುತ್ತಾರಂತೆ. ಕಾಗದದ ತುಂಬ ಅದರದೇ ಸಾಲುಗಳು. ಅದರಲ್ಲಿ ಯಾವುದಾದರೂ ಒಂದು ಭಾಗವನ್ನು ಬಿಡಿಸಿ ಹೇಳಿದರೆ ಪ್ರೊಫೆಸರು ಕಂಪ್ಯೂಟರ್ ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ. ಇಲ್ಲವಾದರೆ ಇಲ್ಲ. ಬುಧವಾರವೇ ಪರೀಕ್ಷೆ. ಹುಡುಗಿ ಅಳುವುದೊಂದು ಬಾಕಿ.

ನಾನಿರುವಾಗ ಹೆದರಿಕೆ ಏಕೆ? (ಮಿರ್ಲೆಯಲ್ಲಿ ಸಂಜೆ ಹೊತ್ತು ಒಬ್ಬರು ಹಳೆಯ ಕಾವ್ಯ ಹಾಡಿದರೆ ಇನ್ನೊಬ್ಬರು ಅರ್ಥ ಹೇಳುವ ರೂಢಿ. ಅರ್ಥ ಹೇಳುವವನು ನಾನು.)

"ನೀನು ಓದವ್ವ, ನಾನು ಅರ್ಥ ಯೋಳ್ತೀನಿ. ಮೊದಲ್ನೇ ಸಾಲಿಂದ ಸುರು ಮಾಡು. ಒಂದ್ ಸಾಲೂ ಬುಡಬ್ಯಾಡ" ಎಂದೆ.

ಓದಿದಳು. ಮೊದಲ ಹಾಳೆಯಲ್ಲೇ ಯಾವುದೋ ಹೆಸರು ಬಂತು. ಅದೇನೆಂದು ಹುಡುಕಿದರೆ ಎಲ್ಲೋ ಕೊನೆಯಲ್ಲಿ ಸಿಕ್ಕಿತು. ಅಲ್ಲಿಗೆ ಹೋದರೆ ಅದು ಇನ್ನೊಂದು ಹೆಸರನ್ನು ಕರೆಯುತ್ತಿತ್ತು. ಅದು ನಡುವಿನ ಹಾಳೆಯಲ್ಲಿ. ಕಾವ್ಯದಲ್ಲಾದರೆ ಕಥೆ ಮುಂದಕ್ಕೆ ಹೋಗುತ್ತದೆ. ಇಲ್ಲಿ ಕಥೆ ಶುರುವಾಗುವುದಾದರೂ ಎಲ್ಲಿ, ನೀವೇ ಹೇಳಿ? ನನಗೆ ತಲೆಬುಡ ತಿಳಿಯಲಿಲ್ಲ. ಆದರೂ ಅರ್ಥ ಹೇಳುತ್ತಲೇ ಹೋದೆ. (ಅಭ್ಯಾಸಬಲ.)

ಊಟ ತಣ್ಣಗಾಯಿತು. ಸುಶೀಲಳ ಸಹನೆ ಮುಗಿಯಿತು.

"ಮಾವ, ನೀವು ವಸಿ ಸುಮ್ಕಿರಿ. ಎಲ್ಲಾನೂ ಓದಕ್ಕಾಗಲ್ಲ. ಒಂದ್ ಅಕ್ಷರ ಟೈಪ್ ಮಾಡಿದ್ರೆ ಅದು ಎಲ್ಲೆಲ್ಲಿ ಓಯ್ತದೆ? ಅದರ ಇಂದೇನೇ ಓಗಾನ. ಮಿಕ್ಕಿದ್ದು ಬುಡಿ."

"ಮಿಕ್ಕಿದ್ದು ಬುಟ್ರೆ ಅರ್ಥ ಎಂಗವ್ವ ಆಯ್ತದೆ?"

ಅವಳು ಪೆನ್ಸಿಲ್ ಹಿಡಿದು ಆ ಅಕ್ಷರದ ಹಿಂದೆ ಹೊರಟೇಬಿಟ್ಟಳು. ಕೀ ಒತ್ತಿದೊಡನೆ ಕಂಪ್ಯೂಟರ್ ಕೈಲಿದ್ದ ಕೆಲಸ ನಿಲ್ಲಿಸುತ್ತದೆ. ಕರ್ನಲ್ ಆ ಅಕ್ಷರವನ್ನು ಸರದಿಯಲ್ಲಿ ಕೂರಿಸುತ್ತದೆ. ಆಮೇಲೆ ಹಳೆಯ ಕೆಲಸ ಮುಂದುವರಿಯುತ್ತದೆ. ಟೈಪ್ ಮಾಡುವ ಸಾಲು ಮುಗಿದಾಗ, ಅದಕ್ಕಾಗಿ ಕಾದು ಮಲಗಿದ್ದ ಪ್ರೋಗ್ರಾಮನ್ನು ಕರ್ನಲ್ ಎಬ್ಬಿಸುತ್ತದೆ. ಪ್ರೋಗ್ರಾಮೂ ಮಲಗುತ್ತದೆಯೇ? ಮಲಗುತ್ತದಂತೆ. ಹಾಗೆಂದೇ ಬರೆದಿದೆ, ನಾನೇ ನೋಡಿದೆ. ಸಂಜೆಯ ಹೊತ್ತಿಗೆ ಅವಳ ಮುಖದಲ್ಲಿ ನಗು, ನನ್ನ ತಲೆಯಲ್ಲಿ ಗೊಂದಲ.

ಮೊನ್ನೆ ಊರಿಗೆ ಬಂದಿದ್ದಳು. "ಏನಾಯ್ತವ್ವ?" ಎಂದೆ.

"ಆ ಅಕ್ಷರದ ದಾರಿ ಯೋಳ್ದೆ. ಮಿಕ್ಕಿದ್ದು ಕೇಳುದ್ರು, ಗೊತ್ತಿಲ್ಲ ಅಂದೆ. ಸೇರಿಸ್ಕಂಡ್ರು ಮಾವ."

ಬಹಳ ಖುಷಿಯಾಯಿತು. ಆಮೇಲೆ ದಿಗಿಲೂ ಆಯಿತು. ಗೊತ್ತಿಲ್ಲ ಎಂದವರನ್ನು ಕರೆದು ಕೂರಿಸುವ ಕಾಲ ಬಂತೆಂದರೆ, ಎಲ್ಲ ಗೊತ್ತೆಂದೇ ಇಷ್ಟು ದಿನ ಬದುಕಿದ ನಾವು ಎಲ್ಲಿಗೆ ಹೋಗಬೇಕು?