ವರ್ಷ ವರ್ಷ ಕುಳ್ಳಗಾಗುವ ಟೆಸ್ಟ್‌ಟ್ಯೂಬು

ಬೆಳಗ್ಗೆ ಆರೂಕಾಲು. ಕಾಲೇಜಿನ ಮುಂದಿನ ಹೊಸ ಕಾರಂಜಿ ಇನ್ನೂ ನಿದ್ದೆಯಲ್ಲಿದೆ. ಅದು ಏಳುವುದು ಒಂಬತ್ತಕ್ಕೆ, ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಕಾರು ಬರುವ ಹೊತ್ತಿಗೆ ಸರಿಯಾಗಿ. ಹಿಂಬದಿಯ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮಾತ್ರ ಆಗಲೇ ಒಂದು ಬರ್ನರ್ ಉರಿಯುತ್ತಿದೆ. ಅದರೆದುರು ಸ್ಟೂಲು ಎಳೆದುಕೊಂಡು ಕೂತಿರುವವರು ಲ್ಯಾಬ್ ಅಟೆಂಡರ್. ವಿದ್ಯಾರ್ಥಿಗಳ ಬಾಯಲ್ಲಿ ಗಾಜಣ್ಣ.

ಬಾಯಿ ಮುಕ್ಕಾದ ಟೆಸ್ಟ್‌ಟ್ಯೂಬು ಎತ್ತಿಕೊಂಡು, ಮುಕ್ಕಿನ ಕೆಳಗೆ ಅರದಿಂದ ಒಂದು ಗೀರು ಹಾಕುತ್ತಾರೆ. ಗೀರಿಗೆ ಕಾದ ಕಂಬಿಯ ತುದಿ ಮುಟ್ಟಿಸುತ್ತಾರೆ. ಟಿಕ್. ಒಡಕು ಭಾಗ ಕಳಚಿಕೊಳ್ಳುತ್ತದೆ. ಉಳಿದದ್ದನ್ನು ಉರಿಯಲ್ಲಿ ತಿರುಗಿಸುತ್ತ ಅಂಚು ನುಣುಪು ಮಾಡಿದರೆ ಟ್ಯೂಬು ಮತ್ತೆ ಡ್ಯೂಟಿಗೆ ಹಾಜರು, ಒಂದು ಬೆರಳು ಗಿಡ್ಡವಾಗಿ.

"ಬೇರೆಯವರ ಮಕ್ಕಳು ವರ್ಷ ವರ್ಷ ಉದ್ದ ಆಗ್ತಾವೆ. ನನ್ನವು ಕುಳ್ಳಗಾಗ್ತಾವೆ" ಎಂದು ನನ್ನತ್ತ ನೋಡಿ ನಗುತ್ತಾರೆ. ನಗು ಕೆಮ್ಮಿನಲ್ಲಿ ಮುಗಿಯುತ್ತದೆ.

ದಿನಕ್ಕೆ ಮೂರ್ನಾಲ್ಕು ಟ್ಯೂಬು, ಇಪ್ಪತ್ತೆರಡು ವರ್ಷ. ಸುಟ್ಟೂ ಸುಟ್ಟೂ ಬೆರಳ ತುದಿಯ ಗೆರೆಗಳೇ ಅಳಿಸಿವೆ. ಕಾಲೇಜು ಕೊಂಡಿರುವ ದುಬಾರಿ ಹಾಜರಿ ಯಂತ್ರಕ್ಕೆ ಅವರ ಹೆಬ್ಬೆಟ್ಟಿನ ಗುರುತೇ ಸಿಗುವುದಿಲ್ಲ. "ಯಂತ್ರದ ಪ್ರಕಾರ ನಾನು ಎರಡು ವರ್ಷದಿಂದ ಕೆಲಸಕ್ಕೇ ಬಂದಿಲ್ಲ."

ಪ್ರತಿ ವಿದ್ಯಾರ್ಥಿಯ ಶುಲ್ಕದಲ್ಲಿ ನಾಲ್ಕು ಸಾವಿರ ಲ್ಯಾಬಿನ ಹೆಸರಲ್ಲಿದೆ. ಮುನ್ನೂರು ಮಂದಿಗೆ ಹನ್ನೆರಡು ಲಕ್ಷ. ಕಳೆದ ವರ್ಷ ಗಾಜಣ್ಣ ಬೇಕಾದ ಸಾಮಾನಿನ ಪಟ್ಟಿ ಬರೆದು ಕೊಟ್ಟಾಗ ಕಾರ್ಯದರ್ಶಿಗಳು ಖುದ್ದು ಲ್ಯಾಬಿಗೆ ಬಂದಿದ್ದರಂತೆ. ಗಾಜಣ್ಣ ಎದ್ದು ನಿಂತು, ಹೊಟ್ಟೆ ಮುಂದೆ ಮಾಡಿ, ಗದ್ದ ಕೊರಳಿಗೆ ಒತ್ತಿ ಅವರೇ ಆಗುತ್ತಾರೆ: "ಏನ್ ಫಿನಿಶಿಂಗ್ ಕಣಯ್ಯ ಇದು. ನೀನಿರುವಾಗ ಹೊಸದು ಯಾಕಯ್ಯ?" ಮತ್ತೆ ತಾವಾಗಿ ಕೂರುತ್ತಾರೆ. "ಬೆನ್ನು ತಟ್ಟಿದ್ರು. ಪಟ್ಟಿ ಮಡಚಿ ಜೇಬಿಗೆ ಇಟ್ಕೊಂಡ್ರು." ಆ ವರ್ಷದ ಲ್ಯಾಬಿನ ದುಡ್ಡು ಈಗ ದಿನಾ ಒಂಬತ್ತಕ್ಕೆ ಗೇಟಿನ ಬಳಿ ನೀರು ಚಿಮ್ಮಿಸುತ್ತದೆ.

ಅವರ ಮಗಳು ಇದೇ ಲ್ಯಾಬಿನಲ್ಲಿ ಎರಡನೇ ವರ್ಷ ಓದುತ್ತಾಳೆ. ನಾಲ್ಕು ಸಾವಿರದಲ್ಲಿ ಅವಳಿಗೂ ರಿಯಾಯಿತಿ ಇಲ್ಲ. "ಅಪ್ಪಾ, ಈ ವರ್ಷ ಒಡೆದಿದ್ದನ್ನ ಒಡೆದ ಹಾಗೇ ಬಿಡು. ಆಗಲಾದ್ರೂ ಕೊಡಿಸ್ತಾರೆ" ಎಂದವಳು ಅವಳೇ.

ಗಾಜಣ್ಣ ಬಿಟ್ಟು ನೋಡಿದರು. ಮೂರು ತಿಂಗಳು ಬರ್ನರ್ ಮುಟ್ಟಲಿಲ್ಲ. ಮುಕ್ಕಾದ ಟ್ಯೂಬುಗಳು ನಾಲ್ಕು ಟ್ರೇ ತುಂಬಿದವು. ಆಫೀಸಿನಿಂದ ಒಂದು ಹೊಸ ಟ್ಯೂಬೂ ಬರಲಿಲ್ಲ. ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ. ಅರವತ್ತು ಮಕ್ಕಳಿಗೆ ಸರಿಯಿರುವುದು ಇಪ್ಪತ್ತೆಂಟು. ಮೊನ್ನೆಯಿಂದ ಬರ್ನರ್ ಮತ್ತೆ ಉರಿಯುತ್ತಿದೆ.

"ಹಟ ನಂದು. ಮಾರ್ಕ್ಸು ಅವರದು. ಏನ್ ಮಾಡ್ಲಿ ಹೇಳಿ."

ಎಂಟು ಗಂಟೆಗೆ ಮಗಳು ಊಟದ ಡಬ್ಬಿ ತಂದಿಡುತ್ತಾಳೆ. ಟ್ರೇಗಳ ಕಡೆ ಒಮ್ಮೆ ನೋಡಿ, ಪಕ್ಕದ ಬರ್ನರ್ ಹಚ್ಚುತ್ತಾಳೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. "ಈ ಕೆಲಸ ನನ್ನ ಜೊತೆಗೇ ಮುಗೀಬೇಕು. ಇನ್ನೊಬ್ರು ಕಲಿತ್ರೋ, ಕಾಲೇಜು ಇನ್ನೂ ಇಪ್ಪತ್ತು ವರ್ಷ ಬಿಡಿಗಾಸು ಬಿಚ್ಚಲ್ಲ."

ಅತ್ತ ಕಡೆಯಿಂದ ಟಿಕ್ ಎನ್ನುತ್ತದೆ. ಸ್ವಲ್ಪ ಹೊತ್ತಿಗೆ, ಆರಿದ ಟ್ಯೂಬನ್ನು ಮಗಳು ಅಪ್ಪನ ಮುಂದಿಡುತ್ತಾಳೆ. ಗೆರೆಯಿಲ್ಲದ ಬೆರಳನ್ನು ಅವರು ಅಂಚಿನ ಸುತ್ತ ಆಡಿಸುತ್ತಾರೆ. ಎಲ್ಲೂ ತಡೆಯುವುದಿಲ್ಲ.

"ನನ್ನದಕ್ಕಿಂತ ನುಣುಪು" ಎನ್ನುತ್ತಾರೆ, ಮಗಳಿಗೆ ಕೇಳಿಸದ ಹಾಗೆ.