ದೊಡ್ಡ ಜಿಗಿತಕ್ಕೆ ಕಾಯಬೇಕು

"ಮೇಷ್ಟ್ರೇ, ವೋಲ್ಟೇಜು ಇನ್ನೂ ಏರ್ತಾನೇ ಇದೆ, ಆಗ್ಲೇ ಬರ್ಕೊಂಡ್‌ಬುಟ್ರಾ?"

ಹೂಟಗಳ್ಳಿಯ ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ಫಿಲೋಮಿನಾ ಮೇಡಂ ಹೀಗೆಂದಾಗ ಬೆಚ್ಚಿದೆ. ಕೊಟ್ಟ ಅಂಕಿಗೆ ತಕ್ಕ ವೋಲ್ಟೇಜು ಹೊರಡಿಸಿ ಆಸ್ಪತ್ರೆಯ ಔಷಧ ಪಂಪು ನಡೆಸುವ ಬೋರ್ಡುಗಳನ್ನು ಸರಿಹೊಂದಿಸುವುದು ನಮ್ಮ ಕೆಲಸ. ಗೇಟಿನಲ್ಲಿ ಲಾರಿ ಕಾಯುತ್ತಿದ್ದುದರಿಂದ, ಮೀಟರು ಸ್ಥಿರವಾಗುವ ಮುನ್ನವೇ ನಾನು ಬರೆದುಕೊಳ್ಳುತ್ತಿದ್ದೆ. ನಾನು ಪಾಸು ಮಾಡಿದ್ದ ಬೋರ್ಡೊಂದನ್ನು ಅವರು ಸಾವಧಾನವಾಗಿ ಅಳೆದರು. ಕೊಟ್ಟ ಅಂಕಿಗೂ ಅದರ ವೋಲ್ಟೇಜಿಗೂ ತಾಳೆಯಾಗಲಿಲ್ಲ.

"ಅಂಕಿ ಚೂರೇ ಏರ್ಸಿದ್ರೆ ತಕ್ಷಣ ಬರ್ಕೊಳ್ಳಿ, ಒಂದೇ ಸಲ ದೊಡ್ಡ ಜಿಗಿತ ಕೊಟ್ರೆ ಮಾತ್ರ ಮೀಟರು ನಿಲ್ಲೋವರ್ಗೂ ಕಾಯ್ಬೇಕು ಕಣ್ರೀ."

ಅಂದು ನಾನು ಪಾಸು ಮಾಡಿದ್ದ ಇಪ್ಪತ್ತಾರೂ ಬೋರ್ಡುಗಳ ಚೀಟಿ ಕಿತ್ತು, ಅವರು ಹೇಳಿದಂತೆ ಮತ್ತೆ ಅಳೆದೆ. ಲಾರಿ ಒಂದು ಗಂಟೆ ತಡವಾಗಿ ಹೊರಟಿತು.

ತಡಕ್ಕೆ ಕಾರಣ ಬರೆಯಬೇಕಾದಲ್ಲಿ 'ನನ್ನ ಅವಸರ' ಎಂದು ಬರೆದು ಸಹಿ ಮಾಡಿದೆ. ಈ ಕೆಲಸಕ್ಕೆ ಬರುವ ಮೊದಲು ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವನಿಗೆ ಅಷ್ಟು ಧೈರ್ಯವಾದರೂ ಇರಬೇಕು.