ಕಾವಲಿಯ ಮೇಲಿನ ಮಾರಿಷಸ್

ಮಂಜಣ್ಣನವರ ಮೆಸ್ಸಿನಲ್ಲಿ ದಿನದ ಮೊದಲ ದೋಸೆ ಯಾವತ್ತೂ ದುಂಡಗೆ ಇರುತ್ತಿರಲಿಲ್ಲ. ಕಾವಲಿಯ ಕಾವು ನೋಡಲು ಎಲ್ಲ ಹೋಟೆಲಿನವರೂ ಒಂದು ದೋಸೆ ಹುಯ್ದು ನೋಡುತ್ತಾರೆ. ಇವರು ಅದನ್ನು ಮಾರಿಷಸ್ ದ್ವೀಪದ ಆಕಾರಕ್ಕೆ ಹುಯ್ಯುತ್ತಿದ್ದರು. ಮೇಲೆ ಸ್ವಲ್ಪ ಚೂಪು, ಕೆಳಗೆ ಅಗಲ. ನಡುವೆ ಹಿಟ್ಟು ದಪ್ಪ, ಅದು ಎತ್ತರದ ನಾಡು. ಎಡಗಡೆ ಅಂಚಿನಲ್ಲಿ ಸೌಟಿನ ತುದಿಯಿಂದ ಎಳೆದ ಸಣ್ಣ ಸಣ್ಣ ಕೊಲ್ಲಿಗಳು. ಅಲ್ಲೇ ಮೇಲ್ಭಾಗದಲ್ಲಿ ಚಿಟಿಕೆ ಚಟ್ನಿಪುಡಿ ಇಟ್ಟರೆ ರಾಜಧಾನಿ ಪೋರ್ಟ್ ಲೂಯಿ. ಅದರ ಹಿಂದೆ ಒಂದು ಕಡಲೆಕಾಳು. ಅದು ತುದಿಯಲ್ಲಿ ಗುಂಡು ಹೊತ್ತುಕೊಂಡು ನಿಂತ ಬೆಟ್ಟ. ಬಲಗಡೆಯ ಅಂಚು ಮಾತ್ರ ಚಂದ್ರನ ಹಾಗೆ ನುಣುಪು.

ಆ ದೋಸೆಯನ್ನು ಅವರು ಮಾರುತ್ತಿರಲಿಲ್ಲ. ಮೊದಲು ಬಂದವರಿಗೆ ಸುಮ್ಮನೆ ಕೊಡುತ್ತಿದ್ದರು. ಪುಣೆ ಪಕ್ಕದ ಭೋಸರಿಗೆ ಚಾಕಣದ ನಮ್ಮ ಕಂಪನಿ ಬಸ್ಸು ಆರೂವರೆಗೆ ಬರುತ್ತಿದ್ದುದರಿಂದ ಮೊದಲು ಬರುವವನು ಹೆಚ್ಚಾಗಿ ನಾನೇ. ಹೀಗೆ ನಾಲ್ಕು ವರ್ಷ ಆ ದ್ವೀಪವನ್ನು ತಿಂದಿದ್ದೇನೆ. ತಿನ್ನುವುದಕ್ಕೂ ಒಂದು ನಿಯಮ ಇತ್ತು.

"ಹೋಯ್ ಬಸು, ಆ ನುಣುಪು ಬದಿಂದ ಶುರು ಮಾಡ್. ಪೋರ್ಟ್ ಲೂಯಿ ಎಲ್ಲಕ್ಕಿಂತ ಕಡಿಗೆ."

ಯಾಕೆ ಎಂದು ನಾನು ಕೇಳಲಿಲ್ಲ. ಪುಕ್ಕಟೆ ತಿನ್ನುವವನು ಏನು ಕೇಳುವುದು.

ಮಂಜಣ್ಣ ಬೈಂದೂರಿನ ಕಡೆಯವರು. ಮೊದಲು ಮುಂಬಯಿಯ ಹೋಟೆಲುಗಳಲ್ಲಿ, ಆಮೇಲೆ ಸ್ವಲ್ಪ ಕಾಲ ಸರಕು ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡಿ, ಕೊನೆಗೆ ಭೋಸರಿಯಲ್ಲಿ ಆರು ಟೇಬಲ್ಲಿನ ಮೆಸ್ಸು ಇಟ್ಟವರು. ಮದುವೆ ಆಗಿರಲಿಲ್ಲ. ಹಡಗಿನಲ್ಲಿ ಹತ್ತು ಬಂದರು ನೋಡಿರಬೇಕು, ಆದರೆ ಮಾತಾಡುತ್ತಿದ್ದುದು ಮಾರಿಷಸ್ ಒಂದರ ಬಗ್ಗೆಯೇ. ನಾವೆಲ್ಲ ಸ್ವೆಟರ್ ಹಾಕಿಕೊಂಡು ನಡುಗುವ ಜನವರಿಯಲ್ಲಿ ಅವರು ಬಾಗಿಲಲ್ಲಿ ನಿಂತು, "ಈಗ ಅಲ್ಲಿ ಸೆಕೆ. ಚಂಡಮಾರುತ ಏಳೂ ಹೊತ್ತ್" ಎಂದು ಚಿಂತೆ ಮಾಡುತ್ತಿದ್ದರು. ನನ್ನ ಜೊತೆ ಕೆಲಸ ಮಾಡುವ ವಿಜಯಪುರದ ಶಂಕರ ಸುಮ್ಮನೆ ಬಿಡುತ್ತಿರಲಿಲ್ಲ.

"ಮಂಜಣ್ಣಾ, ನಿಮ್ಮ ದ್ವೀಪದಾಗ ಮಳಿ ಭಾಳ ಆಗೇದೇನ್ರಿ? ದ್ವಾಸಿ ನಡುವ ಹಸೀನ ಅದಲ್ಲ!"

"ಅಲ್ಲಿ ಮಳಿ ನಡುವಿಗೇ ಹೊಯ್ಯೂದ್ ಮರಾಯ. ಸುಮ್ನೆ ತಿನ್."

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ನಮ್ಮ ಇಂಡಿ ತಾಲ್ಲೂಕಿನಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗ್ಯಾಂಗುಗಳು ಹೋಗುತ್ತವೆ. ಅಪ್ಪನ ಗ್ಯಾಂಗಿಗೆ ಒಂದು ಕೈ ಕಡಿಮೆ ಬಿತ್ತು, ನಾನು ಹೋದೆ. ಮೂವತ್ತೇಳನೆಯ ವಯಸ್ಸಿನಲ್ಲಿ ಕಂಪನಿಯವರು, ಹತ್ತನೆ ಪಾಸಾದವರನ್ನು ಮಾತ್ರ ಕಾಯಂ ಮಾಡುತ್ತೇವೆ, ಮೂರು ವರ್ಷ ಸಮಯ ಎಂದರು. ಬೇರೆ ಎಲ್ಲ ವಿಷಯ ದಾಟಿದೆ. ಭೂಗೋಳದಲ್ಲಿ ಎರಡು ಸಲ ಬಿದ್ದೆ. ಗಾಳಿ ಯಾಕೆ ಬೀಸುತ್ತದೆ, ಮಳೆ ಎಲ್ಲಿ ಸುರಿಯುತ್ತದೆ ಎಂದು ಎಷ್ಟು ಬಾಯಿಪಾಠ ಮಾಡಿದರೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಉಳಿದದ್ದು ಒಂದೇ ಪರೀಕ್ಷೆ.

ರವಿವಾರದ ವರ್ಗದಲ್ಲಿ ನಮಗೆ ಕಲಿಸುತ್ತಿದ್ದ ಧಾರವಾಡದ ಸುಮಿತ್ರಾ ಟೀಚರ್, ಪ್ರತಿಯೊಬ್ಬರೂ ಒಂದು ದೇಶದ ಮೇಲೆ ನಕಾಶೆ ಸಮೇತ ಪ್ರಾಜೆಕ್ಟ್ ಬರೆಯಬೇಕೆಂದರು. ಅದಕ್ಕೆ ಇಪ್ಪತ್ತು ಅಂಕ. ನಾನು ಯೋಚನೆ ಮಾಡದೆ ಮಾರಿಷಸ್ ಎಂದೆ.

ಮಂಜಣ್ಣನವರಿಗೆ ಹೇಳಿದಾಗ ಅವರು ಸಾಂಬಾರಿನ ಸೌಟು ಕೆಳಗಿಟ್ಟು ಕೈ ಒರೆಸಿಕೊಂಡರು. ಆವತ್ತಿನಿಂದ ದಿನಾ ಸಂಜೆ ಪಾಠ.

"ಲೋಣಾವಳಾ ಕಂಡಿದ್ಯಲ? ಅಲ್ಲಿ ಮಳಿ ಹೊಯ್ತಾ ಇರತ್ತ್, ಪುಣೆಗೆ ಬಪ್ಪೊತ್ತಿಗೆ ಬರೀ ಹನಿ. ಎಂತಕೆ?"

"ಘಟ್ಟ ಅಡ್ಡ ಬರ್ತದರಿ."

"ಹಾಂ. ನಮ್ಮಲ್ಲಿ ಗಾಳಿ ಪಡುವಿಂದ ಬತ್ತ್. ಅಲ್ಲಿ ಆಗ್ನೇಯದಿಂದ. ಹಂಗಾಗಿ ಅಲ್ಲಿ ಲೋಣಾವಳಾ ಮೂಡಕ್, ಪುಣೆ ಪಡುಕ್. ತಿರುಗ್ಸಿ ಇಟ್ಟ ದೋಸೆ, ಅಷ್ಟೇ."

ಎರಡು ವರ್ಷ ಪುಸ್ತಕದಿಂದ ಆಗದ್ದು ಎರಡು ನಿಮಿಷದಲ್ಲಿ ತಲೆಗೆ ಹೋಯಿತು. ಇತಿಹಾಸವನ್ನೂ ಹೀಗೇ ಹೇಳಿದರು.

"ಮೊದಲ್ ಅಲ್ಲಿ ಊರೇ ಇಲ್ಲೆ. ಹಾರೂಕೆ ಬಾರದ್ ಒಂದ್ ಹಕ್ಕಿ ಇತ್ತಂಬ್ರ್. ಡಚ್ಚರು ಬಂದ್ರ್, ಹಕ್ಕಿ ಮುಗೀತ್. ಫ್ರೆಂಚರು ಬಂದ್ರ್, ಆಫ್ರಿಕಾದಿಂದ ಗುಲಾಮ್ರನ್ನ ತಂದ್ ಕಬ್ಬಿನ ತೋಟದಲ್ ದುಡಿಸ್ರ್. ಬ್ರಿಟಿಷರ್ ಕಾಲಕ್ಕೆ ಗುಲಾಮಗಿರಿ ನಿಂತ್ತ್. ಆದ್ರೆ ಕಬ್ಬು ನಿಲ್ಲತ್ತಾ? ಅದನ್ನ ಕಡೂಕೆ ನಮ್ಮ ದೇಶದವ್ರನ್ನ ಹಡಗಿಗೆ ತುಂಬ್ಸ್ರ್."

ಇದನ್ನು ಬಾಯಿಪಾಠ ಮಾಡುವ ಅವಶ್ಯಕತೆಯೇ ಬೀಳಲಿಲ್ಲ. ಕಬ್ಬಿನ ಎಲೆ ಕೈ ಹೇಗೆ ಕೊಯ್ಯುತ್ತದೆ ಎಂಬುದು ನನಗೆ ಗೊತ್ತಿತ್ತು.

ನಕಾಶೆ ಬಿಡಿಸಲು ಪುಸ್ತಕ ನೋಡಲಿಲ್ಲ. ನಾಲ್ಕು ವರ್ಷದಿಂದ ತಟ್ಟೆಯಲ್ಲಿ ನೋಡಿದ್ದನ್ನೇ ಹಾಳೆಯ ಮೇಲೆ ಇಳಿಸಿದೆ. ಸುಮಿತ್ರಾ ಟೀಚರ್ ಹಾಳೆಯನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು.

"ಬಸವರಾಜ, ಎಡಗಡೆ ಛಲೋ ಆಗೇದ. ಈ ಬಲಗಡೆ ಯಾಕ ಹಿಂಗ ಸಪಾಟ?"

"ಅದು ಹಂಗ ಅದರಿ ಟೀಚರ್."

"ಎಲ್ಲಿ ಹಂಗ ಅದ? ಡಚ್ಚರು ಮೊದಲ ಇಳಿದದ್ದ ಈ ಆಗ್ನೇಯದ ಕೊಲ್ಲಿಯೊಳಗ. ನೀವು ಕೊಲ್ಲೀನ ತಗದ ಹಾಕಿದ್ರ ಪಾಪ ಅವರು ಎಲ್ಲಿ ಇಳೀಬೇಕ್ರಿ?"

ವರ್ಗವೆಲ್ಲ ನಕ್ಕಿತು. ಯಾರು ಹೇಳಿಕೊಟ್ಟರು ಎಂದು ಕೇಳಿದರು. ನಮ್ಮ ಮೆಸ್ಸಿನವರು, ಅಲ್ಲಿ ಹೋಗಿ ಬಂದಾರ ಎಂದೆ.

"ಹೋಗಿ ಬಂದವರು ಅರ್ಧಾ ದೇಶ ಮರೀತಾರೇನು? ಮುಂದಿನ ರವಿವಾರ ತಿದ್ದಿ ತರ್ರಿ. ಇಲ್ಲಾಂದ್ರ ಈ ಇಪ್ಪತ್ತು ಇಲ್ಲ."

ಇಪ್ಪತ್ತು ಹೋದರೆ ನನ್ನ ಪಾಸು ಹೋದಂತೆಯೇ. ಸಿಟ್ಟು ಬಂದಿತ್ತು. ಸೀದಾ ಮೆಸ್ಸಿಗೆ ಹೋಗಿ, ಟೀಚರ್ ಕೊಟ್ಟ ಅಟ್ಲಾಸನ್ನು ಕಾವಲಿಯ ಪಕ್ಕ ತೆರೆದಿಟ್ಟೆ.

"ಮಂಜಣ್ಣಾ, ಖರೇ ಹೇಳ್ರಿ. ನೀವು ಅಲ್ಲಿ ಹೋಗೀರೋ ಇಲ್ಲೋ?"

ಅವರು ಅಟ್ಲಾಸಿನ ಕಡೆ ಬಗ್ಗಿದರು. ಪೂರ್ವ ಕರಾವಳಿಯ ಮೇಲೆ ಬೆರಳು ಇಟ್ಟರು. ಅಲ್ಲಿ ಕೊಲ್ಲಿಗಳಿದ್ದವು, ದಂಡೆಗೆ ಹತ್ತಿಕೊಂಡಂತೆ ಚಿಕ್ಕ ಚಿಕ್ಕ ನಡುಗಡ್ಡೆಗಳಿದ್ದವು.

"ಹೋಗಿದ್ದೆ. ಇಳೀಲಿಲ್ಲ" ಎಂದರು.

ಆಮೇಲೆ ಒಲೆ ಸಣ್ಣ ಮಾಡಿ, ಸ್ಟೂಲು ಎಳೆದುಕೊಂಡು ಹೇಳಿದರು. ಆಗ ಅವರಿಗೆ ಇಪ್ಪತ್ತೆರಡು. ಯಾರೋ ಕೊನೆಯ ಗಳಿಗೆಯಲ್ಲಿ ಬಾರದೆ ಹೋದದ್ದರಿಂದ ಆ ಜಾಗದಲ್ಲಿ ಇವರು ಹಡಗು ಹತ್ತಿದ್ದರು. ಕಾಗದಪತ್ರ ಸರಿ ಇರಲಿಲ್ಲ. ಹಡಗು ದ್ವೀಪದ ಪಶ್ಚಿಮ ದಂಡೆಯ ಉದ್ದಕ್ಕೂ ಮೇಲೆ ಬಂದು ಪೋರ್ಟ್ ಲೂಯಿಯ ಹೊರಗೆ ಹನ್ನೊಂದು ದಿನ ಲಂಗರು ಹಾಕಿ ನಿಂತಿತು. ಉಳಿದವರೆಲ್ಲ ಸರದಿಯಂತೆ ಇಳಿದು ಬಂದರು. ಇವರನ್ನು ಕ್ಯಾಪ್ಟನ್ ಬಿಡಲಿಲ್ಲ. ತರಕಾರಿ ತರುತ್ತಿದ್ದ ದೋಣಿಯವನು ಮರಾಠಿ ಮಾತಾಡುತ್ತಿದ್ದ. "ಮಾಝಾ ಪಣಜೋಬಾ ಸಾತಾರ್ಯಾಚಾ", ನನ್ನ ಮುತ್ತಜ್ಜ ಸಾತಾರೆಯವನು ಎಂದು ಎದೆ ಮುಟ್ಟಿಕೊಂಡು ಹೇಳಿದನಂತೆ. ಕಬ್ಬು, ಗಾಳಿ, ಹಕ್ಕಿ, ಗುಲಾಮರು ಎಲ್ಲವನ್ನೂ ಹಡಗಿನ ಮೆಟ್ಟಿಲಿಗೆ ದೋಣಿ ಕಟ್ಟಿಕೊಂಡು ಅವನೇ ಹೇಳಿದ್ದು.

"ದಿನಾ ಬೆಳಿಗ್ಗೆ ಸೂರ್ಯ ಆ ಗುಡ್ಡೆ ಬೆನ್ನಿಂದ ಬತ್ತಿದ್ದ. ನಾನ್ ಕಂಡದ್ದ್ ಪಡು ಬದಿ ಮಾತ್ರ. ಮೂಡು ಬದಿ ಹೇಂಗಿತ್ತ್ ಅಂದೇಳಿ ಗೊತ್ತಿಲ್ಲೆ. ಕಾಣದ್ದನ್ನ ಹೇಂಗೆ ಬಿಡ್ಸೂದ್ ಮರಾಯ? ಅದಕ್ಕೇ ನುಣುಪು ಬಿಟ್ಟದ್ದ್."

"ಪುಸ್ತಕದಾಗ ನೋಡಬಹುದಿತ್ತಲ್ಲರಿ."

"ನೋಡ್ಲಿಲ್ಲ. ಒಂದ್ ದಿನ ಹೋಪ ಅಂತಿತ್ತ್."

ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಷ್ಟು ವರ್ಷದಿಂದ ಒಬ್ಬರ ಹತ್ತಿರವೂ ಅವರು ಕಾಣದ್ದನ್ನು ಕಂಡೆ ಎಂದಿರಲಿಲ್ಲ. ದ್ವೀಪದ ಮೇಲೆ ನಡೆದಾಡಿದೆ ಎಂದೂ ಹೇಳಿರಲಿಲ್ಲ. ಹಾಗೆ ತಿಳಿದುಕೊಂಡವರು ನಾವು.

ನಕಾಶೆಯನ್ನು ಮತ್ತೆ ಬಿಡಿಸಿದೆ. ಬಲಗಡೆ ಸರಿ ಬರುವವರೆಗೆ ಒಂಬತ್ತು ಹಾಳೆ ಹೋದವು. ಕೆಳಗೆ ಹೀಗೆ ಬರೆದೆ: ಪಶ್ಚಿಮ ದಂಡೆ ಕಂಡವರು ಹೇಳಿದ್ದು, ಪೂರ್ವ ದಂಡೆ ಅಟ್ಲಾಸಿನಿಂದ. ಸುಮಿತ್ರಾ ಟೀಚರ್ ಅದನ್ನು ಓದಿ ಇಪ್ಪತ್ತಕ್ಕೆ ಹದಿನೇಳು ಹಾಕಿದರು. ಭೂಗೋಳದಲ್ಲಿ ಪಾಸಾದೆ. ಮಳೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಲೋಣಾವಳಾ ನೆನಪಿಗೆ ಬಂತು.

ರಿಸಲ್ಟ್ ಬಂದ ಮರುದಿನ ಬೆಳಿಗ್ಗೆ ಪೇಢೆ ತೆಗೆದುಕೊಂಡು ಹೋದೆ. ಮೆಸ್ಸಿನ ಟೇಬಲ್ಲುಗಳನ್ನು ಆಗಲೇ ಯಾರೋ ಟೆಂಪೋಕ್ಕೆ ಏರಿಸುತ್ತಿದ್ದರು. ಮಂಜಣ್ಣನವರ ಮಂಡಿ ನಿಲ್ಲಲು ಬಿಡದಷ್ಟು ಕೆಟ್ಟಿತ್ತು. ಬೈಂದೂರಿನಿಂದ ತಂಗಿ ಬಂದಿದ್ದರು, ಇವರು ಮೆಸ್ಸು ಮುಚ್ಚಿ ಅವರ ಜೊತೆ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟಿದ್ದರು. ಕಾವಲಿ ಮಾತ್ರ ಇನ್ನೂ ಒಲೆಯ ಮೇಲಿತ್ತು.

"ಪಾಸ್ ಅಲ್ದಾ? ನಂಗೊತ್ತಿತ್ತ್. ಬಾ, ಇವತ್ತ್ ನೀನೇ ಹೊಯ್" ಎಂದು ಸೌಟು ಕೊಟ್ಟರು.

ನನ್ನ ಕೈಗೆ ಅದು ಹೊಸದು. ಒಂಬತ್ತು ಸಲ ಬಿಡಿಸಿದ ಬಲಗಡೆ ಹೇಗೋ ಬಂತು, ಕೊಲ್ಲಿಯೂ ಬಂತು, ಹಿಟ್ಟು ಸಿಡಿದು ಎರಡು ನಡುಗಡ್ಡೆಗಳೂ ಆದವು. ಎಡಗಡೆ ಒಂದು ಮುದ್ದೆ.

"ಪಡು ಬದಿ ಕುಲಗೆಡಿಸ್ದೆ" ಎಂದರು. ಆದರೆ ಅವರು ನೋಡುತ್ತಿದ್ದುದು ಬಲಗಡೆಯನ್ನು. ಸ್ಟೂಲಿನ ಮೇಲೆ ಕೂತು, ತಟ್ಟೆ ತಿರುಗಿಸಿ, ಈ ಸಲ ಪೋರ್ಟ್ ಲೂಯಿಯಿಂದ ಮುರಿದು ತಿನ್ನತೊಡಗಿದರು. ಅರ್ಧಕ್ಕೆ ನಿಲ್ಲಿಸಿದರು. ಉಳಿದ ಬಲಗಡೆಯ ಅರ್ಧವನ್ನು ನಡುಗಡ್ಡೆಗಳ ಸಮೇತ ಬಾಳೆಲೆಯಲ್ಲಿ ಸುತ್ತಿ, ಮೇಲೆ ಕಾಗದ ಕಟ್ಟಿ, ತಂಗಿಯ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟರು.

"ಇದ್ ದಾರಿಗೆ ಆಯ್ತ್" ಎಂದರು.